ಅಪ್ಪನ ಫೋನಿಗೆ ಬಂದ ಸಂದೇಶ ಓದುವವರು ಯಾರು?

ಗೆಳೆಯರೇ, ಜೇಬಿನಲ್ಲಿರುವ ಬ್ಯಾಂಕ್ ಕಾರ್ಡನ್ನು ಒಮ್ಮೆ ಹೊರಗೆ ತೆಗೆದು ನೋಡಿ. ಅದರ ಮೇಲೆ ಒಂದರ ಪಕ್ಕ ಒಂದರಂತೆ ನಾಲ್ಕು ಬಾಗಿದ ಗೆರೆಗಳಿವೆಯೇ? ಇದ್ದರೆ ಆ ಕಾರ್ಡನ್ನು ಯಂತ್ರದೊಳಗೆ ತೂರಿಸಬೇಕಿಲ್ಲ, ಉಜ್ಜಬೇಕಿಲ್ಲ. ಹತ್ತಿರ ಹಿಡಿದರೆ ಸಾಕು, ದುಡ್ಡು ಹೋಗುತ್ತದೆ. ಪಿನ್ ಕೂಡ ಬೇಕಿಲ್ಲ. ಹೀಗೆ ಪಿನ್ ಇಲ್ಲದೆ ಒಂದು ಸಲಕ್ಕೆ 2,000 ರೂಪಾಯಿ ಎಂದಿದ್ದ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 5,000ಕ್ಕೆ ಏರಿಸಿತು. ಅವಸರದಲ್ಲಿರುವ ನಿಮಗೆ ಅನುಕೂಲವೇ. ಆದರೆ ಕಾರ್ಡು ಎಲ್ಲೋ ಬಿದ್ದುಹೋದರೆ? ಅದು ಸಿಕ್ಕಿದವನಿಗೂ ಅಷ್ಟೇ ಅನುಕೂಲ!

ಈ ಕಾರ್ಡಿನ ಬಗ್ಗೆ ಊರಲ್ಲೆಲ್ಲ ಒಂದು ಪುಕಾರು ಇದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಕಳ್ಳನೊಬ್ಬ ನಿಮ್ಮ ಜೇಬಿಗೆ ಯಂತ್ರ ಸೋಕಿಸಿ ದುಡ್ಡು ಎಳೆದುಕೊಂಡು ಹೋಗುತ್ತಾನಂತೆ. ಈ ಭಯವನ್ನೇ ಬಂಡವಾಳ ಮಾಡಿಕೊಂಡು ತಗಡಿನ ಪರ್ಸು ಮಾರುವವರೂ ಇದ್ದಾರೆ. ನಿಜ ಸಂಗತಿ ತಿಳಿದುಕೊಳ್ಳಿ. ಈ ಕಾರ್ಡಿನ ಮಾತುಕತೆ ನಡೆಯುವುದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಪ್ರತಿ ಸಲ ಹಿಡಿದಾಗಲೂ ಒಳಗಿನ ಚಿಪ್ ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಹೊಸ ಗುಪ್ತಸಂಖ್ಯೆ ತಯಾರಿಸುತ್ತದೆ. ಅದನ್ನು ಕದ್ದರೂ ಎರಡನೆಯ ಸಲ ನಡೆಯದು. ಹಿಂಬದಿಯಲ್ಲಿ ಅಚ್ಚಾದ ಮೂರಂಕಿಯ ಸಂಖ್ಯೆ ಗಾಳಿಯಲ್ಲಿ ಹೋಗುವುದೇ ಇಲ್ಲ. ಅಂಗಡಿಯ ಯಂತ್ರಕ್ಕೆ ಬಿದ್ದ ದುಡ್ಡು ಯಾವುದೋ ಬ್ಯಾಂಕ್ ಖಾತೆಗೇ ಸೇರಬೇಕಾದ್ದರಿಂದ ಕಳ್ಳನ ಹೆಜ್ಜೆಗುರುತೂ ಉಳಿಯುತ್ತದೆ. ತಗಡಿನ ಪರ್ಸಿನಿಂದ ನಷ್ಟವಿಲ್ಲ. ಆದರೆ ಕಳ್ಳ ಬರುವ ದಾರಿ ಬೇರೆ.

ಅವನು ಮಾತಿನ ದಾರಿಯಲ್ಲಿ ಬರುತ್ತಾನೆ. ಜೆಕ್ ದೇಶದಲ್ಲಿ 2023-24ರಲ್ಲಿ ನಡೆದದ್ದು ಕೇಳಿ. ತೆರಿಗೆ ಹಣ ವಾಪಸು ಬರುತ್ತದೆ ಎಂದು ಜನರಿಗೆ ಸಂದೇಶ ಬಂತು. ಒತ್ತಿದವರ ಫೋನಿಗೆ ನಕಲಿ ಬ್ಯಾಂಕ್ ಆ್ಯಪ್ ಇಳಿಯಿತು. ಆಮೇಲೆ ಬ್ಯಾಂಕಿನವನ ಸೋಗಿನಲ್ಲಿ ಒಬ್ಬನ ಕರೆ: 'ನಿಮ್ಮ ಖಾತೆ ಅಪಾಯದಲ್ಲಿದೆ, ಪಿನ್ ಬದಲಿಸಿ, ಕಾರ್ಡನ್ನು ಫೋನಿನ ಹಿಂಬದಿಗೆ ಹಿಡಿಯಿರಿ.' ಹಿಡಿದರು. ಕಾರ್ಡಿನ ಸಂಕೇತ ಅಲ್ಲಿಂದಲೇ ಕಳ್ಳನ ಫೋನಿಗೆ ಹಾರಿತು. ಅವನು ಎಟಿಎಂ ಮುಂದೆ ನಿಂತು ನೋಟು ಎಣಿಸಿಕೊಂಡ. ಚಿಪ್ಪನ್ನು ಯಾರೂ ಒಡೆಯಲಿಲ್ಲ. ಒಡೆದದ್ದು ಮನುಷ್ಯನ ನಂಬಿಕೆಯನ್ನು. ಬ್ಯಾಂಕಿನವರು ಎಂದು ಹೇಳಿಕೊಂಡು ಪಿನ್ ಕೇಳುವವನು ಯಾವ ಭಾಷೆಯಲ್ಲಿ ಮಾತಾಡಿದರೂ ಕಳ್ಳನೇ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಬಾಗಿಲಿಗೆ ಚಿಲಕ. ಡೆಬಿಟ್, ಕ್ರೆಡಿಟ್ ಕಾರ್ಡುಗಳ ಈ ಸೌಲಭ್ಯವನ್ನು ಬೇಕೆಂದಾಗ ತೆರೆಯುವ, ಬೇಡವೆಂದಾಗ ಮುಚ್ಚುವ, ಮಿತಿಯನ್ನು ತಾನೇ ಇಳಿಸುವ ಅಧಿಕಾರ ಗ್ರಾಹಕನಿಗೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಆದೇಶಿಸಿತು. ಬ್ಯಾಂಕಿನ ಆ್ಯಪ್‌ನಲ್ಲಿ ಎರಡು ನಿಮಿಷದ ಕೆಲಸ. ಬಳಸದಿದ್ದರೆ ಮುಚ್ಚಿಬಿಡಿ. ಬಳಸುವುದಾದರೆ ಐನೂರೋ ಸಾವಿರವೋ ಮಿತಿ ಹಾಕಿಕೊಳ್ಳಿ. ಹೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕಾರ್ಡನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಯಂತ್ರದ ಮೇಲಿನ ಮೊತ್ತ ಓದಿ, ಆಮೇಲೆ ನೀವೇ ಹಿಡಿಯಿರಿ. ಕಾರ್ಡು ಕಳೆಯಿತೋ, ಮನೆಯಲ್ಲೆಲ್ಲ ಹುಡುಕುತ್ತಾ ಕೂರಬೇಡಿ. ಮೊದಲು ತಡೆಹಿಡಿಸಿ, ಆಮೇಲೆ ಹುಡುಕಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ಎರಡನೆಯದು, ಗಡಿಯಾರ. ಇದನ್ನು ನಮ್ಮ ಹುಡುಗರಲ್ಲಿ ತಿಳಿದವರೇ ಕಡಿಮೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಒಂದು ಲೆಕ್ಕ ಬರೆದಿಟ್ಟಿತು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವನು ದುಡ್ಡು ಹೊಡೆದಿದ್ದಾನೆ ಎಂದಿಟ್ಟುಕೊಳ್ಳಿ. ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮಗೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವನು 10,000 ರೂಪಾಯಿವರೆಗೆ ಕಳೆದುಕೊಳ್ಳಬೇಕಾದೀತು. ಏಳು ದಿನ ದಾಟಿತೋ, ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯೇ ಗತಿ. ಪಿನ್ ನೀವೇ ಬಾಯಿಬಿಟ್ಟು ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ನಿಮ್ಮ ತಲೆಗೆ. ಆದರೆ ದೂರು ಕೊಟ್ಟ ಮೇಲೆ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ. ತಪ್ಪು ಗ್ರಾಹಕನದು ಎಂದು ಸಾಬೀತು ಮಾಡಬೇಕಾದದ್ದೂ ಬ್ಯಾಂಕೇ.

ಈಗ ಯೋಚಿಸಿ. ಈ ಗಡಿಯಾರ ಓಡಲು ಶುರುವಾಗುವುದು ಸಂದೇಶ ಬಂದ ಗಳಿಗೆಯಿಂದ. ಆ ಸಂದೇಶ ಯಾವ ಭಾಷೆಯಲ್ಲಿದೆ? ನಿಮ್ಮ ಫೋನು ತೆರೆದು ಎಣಿಸಿ, ಬ್ಯಾಂಕಿನಿಂದ ಬಂದ ಎಷ್ಟು ಸಂದೇಶ ಕನ್ನಡದಲ್ಲಿವೆ? ನೀವು ಇಂಗ್ಲಿಷ್ ಓದುತ್ತೀರಿ, ಸರಿ. ಊರಿನಲ್ಲಿರುವ ಅಪ್ಪ? ಪಿಂಚಣಿ ದುಡ್ಡಿನ ಅಜ್ಜಿ? ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಅಕ್ಕ? 'ಬ್ಯಾಂಕಿನಿಂದ ಏನೋ ಬಂದಿದೆ, ಮಗ ಬಂದಾಗ ತೋರಿಸೋಣ' ಎಂದು ಅಪ್ಪ ಫೋನನ್ನು ಗೂಡಿನಲ್ಲಿಡುತ್ತಾರೆ. ನೀವು ಊರಿಗೆ ಹೋಗುವುದು ಹಬ್ಬಕ್ಕೆ. ಅಷ್ಟರಲ್ಲಿ ಮೂರು ದಿನವೂ ಕಳೆದಿದೆ, ಏಳು ದಿನವೂ ಕಳೆದಿದೆ. ಕಳ್ಳ ಕದ್ದದ್ದು ದುಡ್ಡು. ಅದನ್ನು ವಾಪಸು ಪಡೆಯುವ ಹಕ್ಕನ್ನು ಕದ್ದದ್ದು ಅರ್ಥವಾಗದ ಆ ಎರಡು ಸಾಲು!

ಗ್ರಾಹಕರೊಂದಿಗಿನ ವ್ಯವಹಾರದಲ್ಲಿ, ಪತ್ರಗಳಲ್ಲಿ ಪ್ರಾದೇಶಿಕ ಭಾಷೆಯನ್ನೂ ಬಳಸಬೇಕೆಂದು ರಿಸರ್ವ್ ಬ್ಯಾಂಕಿನ 2015ರ ಗ್ರಾಹಕ ಸೇವಾ ಸುತ್ತೋಲೆಯೇ ಹೇಳಿತ್ತು. ಸಾಲ ಮಾರುವ ಜಾಹೀರಾತಿಗೆ ಕನ್ನಡ ಬರುತ್ತದೆ. 'ನಿಮ್ಮ ದುಡ್ಡು ಹೋಗಿದೆ' ಎಂದು ಹೇಳುವಾಗ ಮಾತ್ರ ಏಕೆ ಬರುವುದಿಲ್ಲ? ಇದು ಭಾಷಾಭಿಮಾನದ ಮಾತಲ್ಲ, ಬೆವರಿನ ದುಡ್ಡಿನ ಮಾತು.

ಆದ್ದರಿಂದ ಗೆಳೆಯರೇ, ಬರುವ ಭಾನುವಾರ ಮನೆಗೆ ಫೋನು ಮಾಡಿ. ಅಪ್ಪ ಅಮ್ಮನ ಕಾರ್ಡಿನ ಈ ಸೌಲಭ್ಯ ಮುಚ್ಚಿಸಿ. ಬ್ಯಾಂಕಿನ ಸಂದೇಶ ಬಂದ ದಿನವೇ ನಿಮಗೆ ಓದಿಸಲು ಹೇಳಿ. ಬ್ಯಾಂಕಿನ ದೂರು ಸಂಖ್ಯೆಯನ್ನೂ ಸೈಬರ್ ವಂಚನೆಯ 1930 ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ದೂರು ಕೊಟ್ಟರೆ ದೂರಿನ ಸಂಖ್ಯೆ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಸೋಮವಾರ ನಿಮ್ಮ ಶಾಖೆಯ ಮ್ಯಾನೇಜರಿಗೆ ಒಂದು ಪತ್ರ ಕೊಡಿ: ನನ್ನ ಖಾತೆಯ ಸಂದೇಶಗಳು ಕನ್ನಡದಲ್ಲಿ ಬರಲಿ. ಪತ್ರದ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಓಂಬುಡ್ಸ್‌ಮನ್‌ಗೆ ಬರೆಯಿರಿ.

ಒಬ್ಬನ ಪತ್ರ ಕಸದ ಬುಟ್ಟಿಗೆ ಹೋದೀತು. ಒಂದೇ ಶಾಖೆಗೆ ಇನ್ನೂರು ಪತ್ರ ಬಿದ್ದರೆ ಬುಟ್ಟಿ ಸಾಲದು. ಪೆನ್ನು ತೆಗೆಯಿರಿ.