ಒಂದೇ ವರಮಾನದ ಸಂಸಾರ

ಬಡತನಕ್ಕೆ ಸೋಮಾರಿತನವೇ ಕಾರಣವೆಂದು ಹೇಳುವುದು ಸುಲಭ. ಹಾಸನದ ಸೀಮೆಯನ್ನು ಕಂಡವರು ಈ ಮಾತನ್ನು ಒಪ್ಪಲಾರರು. ಹಾಸನ, ಅರಕಲಗೂಡು ತಾಲ್ಲೂಕುಗಳಲ್ಲಿ ಆಲೂಗೆಡ್ಡೆ ಬೆಳೆಯುವ ರೈತನು, ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಯನ್ನು ಮುಂಗಾರಿಗೆ ಮೊದಲೇ ಕೊಳ್ಳಬೇಕು. ಸಾಗುವಳಿಯ ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಸಲ್ಲುವುದು. ಅನೇಕರು ಸಾಲ ಮಾಡುವುದೂ ಇದಕ್ಕಾಗಿಯೇ. ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗವು ಕೆಲವೇ ದಿನಗಳಲ್ಲಿ ಹೊಲವನ್ನು ಕರಕಲಾಗಿಸುವುದು. ಬೆಳೆ ಹೋಗುವುದು, ಸಾಲ ಉಳಿಯುವುದು.

ಚನ್ನರಾಯಪಟ್ಟಣದ ಕಡೆ ಮಳೆಯೇ ಕಡಿಮೆ. ಅಲ್ಲಿ ಬರಗಾಲದಲ್ಲಿ ತೆಂಗು ಒಣಗಿದರೆ, ಹೊಸ ಸಸಿ ಫಲಕ್ಕೆ ಬರಲು ಹಲವು ವರ್ಷಗಳು ಬೇಕು. ಹೊಳೆನರಸೀಪುರವು ಹೇಮಾವತಿಯ ದಡದಲ್ಲಿಯೇ ಇದೆ. ಆದರೂ ಗೊರೂರು ಅಣೆಕಟ್ಟಿನ ನಾಲೆಯ ನೀರು ಹರಿಯುವ ಗದ್ದೆಯವನ ಸ್ಥಿತಿ ಬೇರೆ, ಮಳೆಯನ್ನೇ ನಂಬಿದ ಹೊಲದವನ ಸ್ಥಿತಿ ಬೇರೆ.

ಪಟ್ಟಣದ ಕೂಲಿಗಾರನಿಗೆ ಮಳೆಯ ಚಿಂತೆ ಕಡಿಮೆ; ಆದರೆ ಅವನ ಮನೆಯಲ್ಲಿ ರಾಗಿಯ ಕಣಜವಿಲ್ಲ. ಬಾಡಿಗೆ, ಸೌದೆ, ಸೊಪ್ಪು ಎಲ್ಲಕ್ಕೂ ಹಣವೇ ಬೇಕು. ದುಡಿಯುವವನು ಎಂಟು ದಿನ ಹಾಸಿಗೆ ಹಿಡಿದರೆ ಒಲೆ ಆರುವುದು.

ಹಳ್ಳಿಯಲ್ಲಾಗಲಿ ಪಟ್ಟಣದಲ್ಲಾಗಲಿ ರೋಗದ ಮೂಲವೊಂದೇ: ಸಂಸಾರವೆಲ್ಲ ಒಂದೇ ವರಮಾನಕ್ಕೆ ಜೋತುಬಿದ್ದಿರುವುದು. ಆದುದರಿಂದ ಬಡತನವನ್ನು ಅಳೆಯುವವರು ಎಕರೆಗಳನ್ನು ಮಾತ್ರ ಎಣಿಸದೆ, ವರಮಾನದ ದಾರಿಗಳನ್ನೂ ಎಣಿಸಬೇಕು. ಹೊಲದ ಒಂದು ಭಾಗದಲ್ಲಿ ರಾಗಿ, ಅವರೆ. ಕೊಟ್ಟಿಗೆಯಲ್ಲಿ ಒಂದು ಕರೆಯುವ ಹಸು. ಪಟ್ಟಣದ ಮನೆಯಲ್ಲಿ ಎರಡನೆಯ ದುಡಿಮೆ—ಇವು ಐಶ್ವರ್ಯವನ್ನು ತಾರವು. ಆದರೆ ಒಂದು ದಾರಿ ಮುಚ್ಚಿದ ವರ್ಷ ಸಂಸಾರವನ್ನು ಸಾಲಗಾರನ ಬಾಗಿಲಿಗೆ ಹೋಗದಂತೆ ತಡೆಯುವುವು.