ಕಂಬಳಿ ಉಳಿಯಬೇಕೆಂದರೆ ರಾಟಿಗೂ ಕೂಲಿ ಸಿಗಲಿ

ದೀಪಾವಳಿ ಅಮಾವಾಸ್ಯೆ ಬಂತೆಂದರೆ ಸೊಲ್ಲಾಪುರ ಜಿಲ್ಲೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಗಡಿಯ ಆಚೆ ಈಚೆ ಎನ್ನದೆ ಬಂದ ಭಕ್ತರು ಪಲ್ಲಕ್ಕಿಗಳ ಮೇಲೆ ಭಂಡಾರ, ಖೊಬ್ಬರಿ ಜತೆ ಕುರಿ ಉಣ್ಣೆಯನ್ನೂ ತೂರುತ್ತಾರೆ. ಹಾಲುಮತದವರಿಗೆ ಉಣ್ಣೆ ಎಂದರೆ ಬರೀ ಸರಕಲ್ಲ, ಅದು ದೇವರ ಮೇಲೆ ಬೀಳುವ ವಸ್ತು. ಮದುವೆಯಿರಲಿ, ದೇವರ ಕಾರ್ಯವಿರಲಿ, ಕರಿ ಕಂಬಳಿ ಹಾಸದೆ ಗದ್ದಿಗೆ ಇಲ್ಲ.

ಜಾತ್ರೆ ಮುಗಿಸಿ ಹಟ್ಟಿಗೆ ಮರಳಿದರೆ ಕಾಣುವುದೇ ಬೇರೆ. ಕುರಿಯ ಮೈಮೇಲಿಂದ ಕತ್ತರಿಸಿದ ಉಣ್ಣೆ ಎಷ್ಟೋ ಕಡೆ ಹೊಲದ ಬದುವಿನಲ್ಲೇ ಬಿದ್ದಿರುತ್ತದೆ. ಕೇಳಿದರೆ, ‘ಉಣ್ಣಿ ಮಾರಿದ ರೊಕ್ಕ ಕತ್ತರಿ ಆಳಿನ ಕೂಲಿಗೂ ಸಾಲೂದಿಲ್ರಿ, ಒಯ್ದು ಏನ್ ಮಾಡೂದು?’ ಎಂಬ ಉತ್ತರ ಬರುತ್ತದೆ. ದೇವರಿಗೆ ತೂರುವ ಉಣ್ಣೆಗೂ ಬದುವಿಗೆ ಎಸೆಯುವ ಉಣ್ಣೆಗೂ ನಡುವೆ ಇದ್ದ ಒಂದು ಕಸುಬು ಕಳಚಿ ಬೀಳುತ್ತಿದೆ. ಆ ಕಸುಬೇ ಕಂಬಳಿ ನೇಕಾರಿಕೆ.

ಹಳೆಯ ನೇಯ್ಗೆಗಳನ್ನು ಉಳಿಸಬೇಕು, ಹೊಸಬರಿಗೆ ಕಲಿಸಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಒಳ್ಳೆಯದೇ. ಆದರೆ ಕಲಿಸುವುದು ಎಂದರೆ ಒಂದು ಮಗ್ಗ ಇಟ್ಟು, ನಾಲ್ಕು ಮಂದಿಯನ್ನು ಕೂರಿಸಿ, ಪ್ರಮಾಣಪತ್ರ ಹಂಚುವುದು ಎಂದು ತಿಳಿದವರೇ ಹೆಚ್ಚು. ಕಂಬಳಿಯ ಮಟ್ಟಿಗೆ ಈ ಲೆಕ್ಕ ತಪ್ಪು. ಕಂಬಳಿ ಮಗ್ಗದಲ್ಲಿ ಹುಟ್ಟುವುದಿಲ್ಲ, ಮಗ್ಗದಲ್ಲಿ ಮುಗಿಯುತ್ತದೆ.

ಹತ್ತು ಕೈ, ಒಂದು ಕಂಬಳಿ

ವರ್ಷಕ್ಕೆ ಎರಡು ಸಲ ಕುರಿಗಳನ್ನು ಹಳ್ಳದಲ್ಲಿ ತೊಳೆದು ಉಣ್ಣೆ ಕತ್ತರಿಸಬೇಕು. ಕಸ, ಮುಳ್ಳು ಆರಿಸಬೇಕು. ಬಿಲ್ಲಿನಿಂದ ಹಿಂಜಬೇಕು. ರಾಟಿಯಲ್ಲಿ ನೂಲಬೇಕು. ಹಾಸಿನ ಎಳೆಗಳನ್ನು ಬಯಲಿನಲ್ಲಿ ಎಳೆದು ಕಟ್ಟಿ, ಹುಣಸೆಬೀಜ ನೆನೆಸಿ, ರುಬ್ಬಿ, ಕುದಿಸಿದ ಗಂಜಿಯನ್ನು ಹಚ್ಚಿ ಒಣಗಿಸಬೇಕು. ಆಮೇಲೆ ಕುಣಿಮಗ್ಗಕ್ಕೆ ಇಳಿಯುವುದು. ಹುಣಸೆಬೀಜದ ಗಂಜಿಯಿಂದ ಎಳೆ ಬಿಗಿಯಾಗಿ ನಿಲ್ಲುತ್ತದೆ, ನೇಯುವಾಗ ಹರಿಯುವುದಿಲ್ಲ. ಉಣ್ಣೆಯ ಗುಣವೆಂದರೆ ತೇವ ಹೀರಿದರೂ ಬೆಚ್ಚಗಿಡುವುದು. ಮಳೆಯಲ್ಲಿ ನಿಂತ ಕುರಿಗಾಹಿಯನ್ನು ಕಾಯ್ದದ್ದು ಇದೇ ಗುಣ.

ಇಷ್ಟು ಕೆಲಸದಲ್ಲಿ ಆರಿಸುವುದು, ನೂಲುವುದು, ಬೀಜ ರುಬ್ಬುವುದು ಬಹುಮಟ್ಟಿಗೆ ಹೆಂಗಸರ ಪಾಲು. ಒಂದು ಮಗ್ಗ ನಿಲ್ಲದೆ ನಡೆಯಬೇಕಾದರೆ ಹಲವು ರಾಟಿಗಳು ತಿರುಗಬೇಕು. ಆದರೂ ನೇಕಾರ ಎಂದರೆ ಮಗ್ಗದಲ್ಲಿ ಕುಳಿತ ಗಂಡಸು ಎಂದೇ ಜನ ತಿಳಿದಿದ್ದಾರೆ. ರಾಟಿ ಮುಂದೆ ಕುಳಿತ ಅವ್ವ, ಅತ್ತೆ, ಸೊಸೆಯ ಕೆಲಸ ‘ಮನಿಗೆಲಸ’ದ ಖಾತೆಗೆ ಹೋಗುತ್ತದೆ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕಾರ್ಮಿಕರ ಪೈಕಿ 70 ಶೇಕಡಾಕ್ಕಿಂತ ಹೆಚ್ಚು ಮಂದಿ ಹೆಂಗಸರು ಎಂಬುದು ಗೊತ್ತಾಯಿತು. ಲೆಕ್ಕದಲ್ಲಿ ಬಂದವರು ಕೂಲಿಯಲ್ಲೂ ಬರಬೇಕಲ್ಲ?

ನೂಲುವ ಕೂಲಿ ದಿನದ ಹೊಲದ ಕೂಲಿಗಿಂತ ಕಡಿಮೆಯಾದಾಗ ಹೆಣ್ಣುಮಕ್ಕಳು ರಾಟಿ ಬಿಟ್ಟು ದ್ರಾಕ್ಷಿ ತೋಟಕ್ಕೆ, ಕಬ್ಬಿನ ಗದ್ದೆಗೆ ನಡೆದರು. ಅದು ಅವರ ತಪ್ಪಲ್ಲ. ರಾಟಿ ನಿಂತಿತು, ಅದರ ಹಿಂದೆಯೇ ಮಗ್ಗವೂ ನಿಂತಿತು.

ಕುರಿಯೂ ಬದಲಾಯಿತು

ಕಂಬಳಿಗೆ ಬೇಕಾದ ಗಟ್ಟಿ ಕರಿ ಉಣ್ಣೆ ಕೊಡುವುದು ದಖ್ಖನಿ ಕುರಿ. ಮಾಂಸದ ಬೆಲೆ ಏರಿದಂತೆ ಸಾಕುವವರ ಕಣ್ಣು ಬೇಗ ತೂಕ ಬರುವ ತಳಿಗಳ ಕಡೆ ಹೊರಳಿತು. ಜತ್ತ ತಾಲೂಕಿನ ಮಾಡಗ್ಯಾಳ ಊರಿನ ಹೆಸರಿನದೇ ಕುರಿ ತಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಡೊಂಕು ಮೂಗಿನ ಒಳ್ಳೆ ಟಗರು ಲಕ್ಷ ರೂಪಾಯಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಊರಿಗೆ ಅದು ಹೆಮ್ಮೆಯ ಸಂಗತಿಯೇ. ಆದರೆ ಅದರ ಉಣ್ಣೆಯಿಂದ ಕಂಬಳಿ ಆಗದು. ಕುರಿಗಾರ ತನ್ನ ಹೊಟ್ಟೆಪಾಡು ನೋಡಿಕೊಳ್ಳಬಾರದು ಎಂದು ಯಾರೂ ಹೇಳುವಂತಿಲ್ಲ. ಉಣ್ಣೆಗೆ ಬೆಲೆ ಬಂದರೆ ಮಾತ್ರ ಹಿಂಡಿನಲ್ಲಿ ಕರಿಕುರಿ ಉಳಿದೀತು.

ಸರಕಾರದ ಯೋಜನೆಗಳು ಇಲ್ಲವೆಂದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿ ದಿನಗಳಿಗೆ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15 ಸಾವಿರ ರೂ. ಇದೆ. ಬಡಿಗ, ಕಮ್ಮಾರ, ಕುಂಬಾರ, ಚಮ್ಮಾರ ಸೇರಿ 18 ಕಸುಬುಗಳೊಂದಿಗೆ ಅದು ಶುರುವಾಯಿತು. ಬುಟ್ಟಿ, ಚಾಪೆ ಹೆಣೆಯುವವರಿದ್ದರು, ದರ್ಜಿಯೂ ಇದ್ದ. ಆ 18ರಲ್ಲಿ ಕಂಬಳಿ ನೇಕಾರನೂ ಇರಲಿಲ್ಲ, ಉಣ್ಣೆ ನೂಲುವವಳೂ ಇರಲಿಲ್ಲ. ಕುರಿ ಅಭಿವೃದ್ಧಿಗೆಂದೇ ಮಹಾರಾಷ್ಟ್ರದಲ್ಲಿ ಅಹಿಲ್ಯಾದೇವಿ ಹೆಸರಿನ ಮಹಾಮಂಡಳವಿದೆ. ಅಭಿವೃದ್ಧಿ ಎಂದರೆ ಮಾಂಸವಷ್ಟೇ ಅಲ್ಲ, ಉಣ್ಣೆಯೂ ಹೌದು ಎಂದು ಗಡಿ ತಾಲೂಕುಗಳ ಜನಪ್ರತಿನಿಧಿಗಳು ಗಟ್ಟಿಯಾಗಿ ಹೇಳಬೇಕು.

ಇಂದಿನ ಮನೆಗೆ ಒಗ್ಗಬೇಕು

‘ಚುಚ್ಚೂ ಕಂಬಳಿ ಈಗ ಯಾರ ಹೊದಕೋತಾರ?’ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಕಡಿಮೆ ಬೆಲೆಯ ಗಿರಣಿ ಚಾದರದ ಎದುರು ಕೈಮಗ್ಗದ ಕಂಬಳಿ ಬೆಲೆಯಲ್ಲಿ ನಿಲ್ಲಲಾರದು. ನಿಲ್ಲಿಸಲು ಹೋಗುವುದೂ ಬೇಡ. ಒರಟು ಉಣ್ಣೆಗೆ ತಕ್ಕ ಕೆಲಸ ಕೊಡಬೇಕು: ನೆಲಹಾಸು, ಧ್ಯಾನಕ್ಕೆ ಕೂರುವ ಆಸನ, ಚೀಲ, ದಿಂಬಿನ ಹೊದಿಕೆ. ಮರಿಯ ಮೊದಲ ಉಣ್ಣೆ ಮೆತ್ತಗಿರುತ್ತದೆ, ಅದನ್ನು ಬೇರೆ ಇಟ್ಟು ಹೆಗಲ ಮೇಲಿನ ವಸ್ತ್ರ ನೇಯಬಹುದು. ಕರಿ, ಕಂದು, ಬೂದು, ಬಿಳಿ ಎಂದು ಕುರಿಯ ಬಣ್ಣಗಳನ್ನೇ ಆರಿಸಿಕೊಂಡರೆ ಬಣ್ಣ ಹಾಕುವ ಖರ್ಚೇ ಬೇಡ.

ಆದರೆ ಹೊಸತನದ ಹೆಸರಿನಲ್ಲಿ ಅಕ್ರಿಲಿಕ್ ದಾರ ಬೆರೆಸಿ ಅಪ್ಪಟ ಉಣ್ಣೆ ಎಂದು ಮಾರುವ ಚಾಳಿ ಬೇಡ. ಕೊಳ್ಳುವವರಿಗೂ ಪರೀಕ್ಷೆ ಸುಲಭ. ಒಂದೆಳೆ ಕಿತ್ತು ಸುಟ್ಟರೆ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ.

ಕಲಿಸಿದರೆ ಕಲಿಯುವವರಿದ್ದಾರೆ ಎಂಬುದಕ್ಕೆ ಕರಾವಳಿಯಲ್ಲಿ ಸಾಕ್ಷಿ ಇದೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿ ಸೀರೆ ಆ ಹೊತ್ತಿಗೆ ಬೆರಳೆಣಿಕೆಯ ವಯಸ್ಸಾದ ನೇಕಾರರ ಕೈಯಲ್ಲಷ್ಟೇ ಉಳಿದಿತ್ತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ, ಕದಿಕೆ ಟ್ರಸ್ಟ್ ಜತೆ ಸೇರಿ ಹೊಸಬರಿಗೆ ತರಬೇತಿ ಕೊಟ್ಟಿತು. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದ ಸೀರೆಗಳೂ ಬಂದವು. ಅಲ್ಲಿ ಕಲಿಕೆಯ ಜತೆ ಕೆಲಸಕ್ಕೂ ಮಾರಾಟಕ್ಕೂ ದಾರಿ ಮಾಡಿದ್ದರಿಂದ ಬಂದವರು ನಿಂತರು.

ಶಾಲೆಯ ಪಾಲು

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳೂ ಇದರಲ್ಲಿ ಕೈಜೋಡಿಸಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿ ನಡುವೆ ಮಕ್ಕಳು ಪುಸ್ತಕದ ಚೀಲವಿಲ್ಲದೆ 10 ದಿನ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆನ್ನುತ್ತದೆ. ಅದರಲ್ಲಿ ಎರಡು ದಿನ ರಾಟಿ ಮುಂದೆ ಕಳೆಯಲಿ. ಕಲಿಸಲು ಬಂದ ಅಜ್ಜಿಗೆ ಗೌರವಧನ ಕೊಡಲಿ, ಬರೀ ಶಾಲು ಹೊದೆಸಿ ಕಳಿಸುವುದು ಬೇಡ. ಹಾಸು, ಹೊಕ್ಕು, ಲಾಳಿ, ಕುಣಿಮಗ್ಗ ಎಂಬ ಮಾತುಗಳು ಮಕ್ಕಳ ಕಿವಿಗೆ ಬೀಳಲಿ. ಗಡಿಯಲ್ಲಿ ಕನ್ನಡ ಉಳಿಯುವುದು ಫಲಕಗಳಿಂದ ಮಾತ್ರವಲ್ಲ, ಕೆಲಸದ ಮಾತಿನಿಂದಲೂ.

ಹಾಗೆಂದು ಕುರುಬರ ಮಕ್ಕಳೆಲ್ಲ ಮಗ್ಗಕ್ಕೇ ಮರಳಲಿ ಎಂಬುದು ಅನ್ಯಾಯದ ಮಾತಾದೀತು. ಅವರು ಓದಲಿ, ನೌಕರಿ ಹಿಡಿಯಲಿ. ಕಸುಬು ಕುಲದ ಸಂಕೋಲೆಯಾಗದೆ, ಬೇಕಾದವರು ಬಂದು ಕಲಿತು ಹೊಟ್ಟೆ ತುಂಬಿಸಿಕೊಳ್ಳುವ ದಾರಿಯಾಗಲಿ. ಅದಕ್ಕೆ ಮೊದಲ ಹೆಜ್ಜೆ, ಒಂದು ಕಂಬಳಿಯ ಬೆಲೆಯಲ್ಲಿ ನೂಲಿದವಳ ಪಾಲು ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡುವುದು. ನೂಲುವ ಕೂಲಿ ಹೊಲದ ಕೂಲಿಗೆ ಸಮವಾದ ದಿನ ರಾಟಿ ತಾನಾಗಿ ತಿರುಗೀತು. ಅದಿಲ್ಲದೆ ಎಷ್ಟು ತರಬೇತಿ ಕೇಂದ್ರ ತೆರೆದರೂ ಅಷ್ಟೇ. ಮಗ್ಗವಿರುತ್ತದೆ, ನೂಲಿರುವುದಿಲ್ಲ.