ಕಥೆ ಹೇಳಿ ಬಂದವನ ಬಳಿ ಚೀಟಿ ಇದೆಯೇ?

ದೊಡ್ಡ ಸಿನಿಮಾವೊಂದು ಹಿಟ್ ಆದರೆ ಸಾಕು, ‘ಇದು ನನ್ನ ಕಥೆ, ಕದ್ದಿದ್ದಾರೆ’ ಎನ್ನುವವರು ಒಬ್ಬರಾದರೂ ಮುಂದೆ ಬರುತ್ತಾರೆ. ಹಾಲಿವುಡ್ ಸ್ಟುಡಿಯೊಗಳಿಗೆ ಇದು ಮಾಮೂಲು. ತಮಿಳಿನ ‘ಎಂದಿರನ್’, ‘ಸರ್ಕಾರ್’ ಚಿತ್ರಗಳಿಗೂ ಬಿಡಲಿಲ್ಲ. ನಮ್ಮ ‘ಕಾಂತಾರ’ದ್ದು ಕಥೆಯ ಜಗಳವಲ್ಲ, ರಾಗದ್ದು. ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ನಂತಿದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. 2022ರ ನವೆಂಬರ್‌ನಲ್ಲಿ ಚಿತ್ರ ಒಟಿಟಿಗೆ ಬಂದಾಗ ಹಾಡಿನ ರಾಗವೇ ಬದಲಾಗಿತ್ತು. ಹಾಲ್ಕುರಿಕೆಯಿಂದ ತಿಪಟೂರಿನ ಕಾಲೇಜಿಗೆ ಹೋಗುವ ನಾವೆಲ್ಲ ಆಗ ಬಸ್ಸಿನಲ್ಲಿ ಎರಡೂ ಹಾಡು ಒಂದರ ಹಿಂದೊಂದು ಹಾಕಿಕೊಂಡು ಪುಕ್ಕಟೆ ಜಡ್ಜ್‌ಗಳಾಗಿದ್ದೆವು.

ಕಥೆಯ ವಿಷಯದಲ್ಲಿ ಮಾತ್ರ ನನ್ನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಇಂಥ ಎಷ್ಟೋ ಮೊಕದ್ದಮೆಗಳು ಕೋರ್ಟಿನಲ್ಲಿ ಬಿದ್ದುಹೋಗುವುದು ಸರಿಯೇ ಇದೆ.

ಈ ವಿಚಾರದಲ್ಲಿ ದೇಶದ ಕೋರ್ಟುಗಳೆಲ್ಲ ಇವತ್ತಿಗೂ ಎತ್ತಿ ಹೇಳುವುದು ಆರ್.ಜಿ. ಆನಂದ್ ಪ್ರಕರಣ. ಆನಂದ್ ವೃತ್ತಿಯಿಂದ ಆರ್ಕಿಟೆಕ್ಟ್, ಜೊತೆಗೆ ನಾಟಕಕಾರ. 1953ರಲ್ಲಿ ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದರು. ಪಂಜಾಬಿ ಮನೆ, ಮದ್ರಾಸಿ ಮನೆ, ನಡುವೆ ಒಂದು ಪ್ರೀತಿ, ಪ್ರಾಂತ್ಯಾಭಿಮಾನದ ಜಗಳ. ನಾಟಕ ಹೆಸರು ಮಾಡಿತು. ನಿರ್ದೇಶಕ ಮೋಹನ್ ಸೆಹಗಲ್ ಆಸಕ್ತಿ ತೋರಿದರು, ಆನಂದ್ ಅವರಿಗೆ ಇಡೀ ನಾಟಕ ಓದಿ ಹೇಳಿದರು. ಆಮೇಲೆ ಸುದ್ದಿಯಿಲ್ಲ. 1956ರಲ್ಲಿ ಕಿಶೋರ್ ಕುಮಾರ್, ವೈಜಯಂತಿಮಾಲಾ ಅಭಿನಯದ ‘ನ್ಯೂ ಡೆಲ್ಲಿ’ ತೆರೆಗೆ ಬಂತು. ಅದರಲ್ಲೂ ಪಂಜಾಬಿ ಹುಡುಗ, ಮದ್ರಾಸಿ ಹುಡುಗಿ. ಆನಂದ್ ಕೋರ್ಟು ಹತ್ತಿದರು. ಕೆಳಗಿನ ಕೋರ್ಟಿನಲ್ಲಿ ಸೋತರು, ಹೈಕೋರ್ಟಿನಲ್ಲಿ ಸೋತರು, 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಐಡಿಯಾಕ್ಕೆ, ವಸ್ತುವಿಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. ಸಿನಿಮಾದಲ್ಲಿ ಬಾಡಿಗೆ ಮನೆಯ ಪಾಡು, ವರದಕ್ಷಿಣೆ ಎಲ್ಲ ಸೇರಿ ಕಥೆ ಬೇರೆಯೇ ಆಗಿದೆ ಎಂದಿತು ಕೋರ್ಟು. ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಆರ್.ಎಸ್. ಪಾಠಕ್ ಅವರಿಗೆ ನಾಟಕದ ಪ್ರಭಾವ ಕಾಣದೆ ಇರಲಿಲ್ಲ. ಆದರೂ ಎರಡು ಕೋರ್ಟುಗಳು ಒಂದೇ ತೀರ್ಮಾನಕ್ಕೆ ಬಂದಿರುವಾಗ ಅವರು ಕೈಹಾಕಲಿಲ್ಲ.

ಓದಿದಾಗ ಆನಂದ್ ಬಗ್ಗೆ ಪಾಪ ಎನಿಸುತ್ತದೆ. ಆದರೆ ಅವರು ಗೆದ್ದಿದ್ದರೆ? ಬೇರೆ ಬೇರೆ ರಾಜ್ಯದ ಹುಡುಗ ಹುಡುಗಿ ಪ್ರೀತಿಸುವ ಕಥೆಯನ್ನು ಮುಂದೆ ಯಾರು ಬರೆಯಬೇಕಾದರೂ ಒಬ್ಬರ ಅಪ್ಪಣೆ ಬೇಕಾಗುತ್ತಿತ್ತು. ಅಂಥ ಅಪ್ಪಣೆಗಳನ್ನು ಕೊಂಡುಕೊಳ್ಳುವ ದುಡ್ಡು ಇರುವುದು ದೊಡ್ಡ ಸ್ಟುಡಿಯೊಗಳ ಬಳಿ, ಬಸ್ ಪಾಸಿನಲ್ಲಿ ಓಡಾಡುವ ನಮ್ಮ ಬಳಿಯಲ್ಲ.

ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರು ಹುಡುಕುವುದು ಕಷ್ಟ. ಹಾರ್ಮೋನಿಯಂ ಮೇಷ್ಟ್ರು ಬದಲಾದರೆ ಮಟ್ಟು ಬದಲಾಗುತ್ತದೆ, ದುರ್ಯೋಧನ ಅವನೇ. ಅವನು ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಅದೇ ಭಾರತದ ಕಥೆಗೆ ಒಬ್ಬರು ತಮ್ಮದೇ ರೂಪ ಕೊಟ್ಟರೆ? ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ರೂಪಿಸಿ ‘ಅಭಿಮನ್ಯು ವಧೆ’ ಸೇರಿ ಏಳು ಪ್ರಸಂಗ ಕಟ್ಟಿದ್ದರು. 1994ರಲ್ಲಿ ಬರೆದ ಉಯಿಲಿನಲ್ಲಿ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟಿದ್ದರು. ಕಾರಂತರು ತೀರಿಕೊಂಡ ನಂತರ, 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾಯಿತು. ಮಲ್ಯ ಅವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವಿರುದ್ಧ ಕೋರ್ಟಿಗೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಅವರದೇ ಎಂದಿತು. ಶಿಕ್ಷಣ ಸಂಸ್ಥೆಗಳಿಗೆ ಕಾನೂನಿನಲ್ಲೇ ಇರುವ ವಿನಾಯಿತಿಗೆ ಇದರಿಂದ ಅಡ್ಡಿಯಿಲ್ಲ ಎಂದೂ ಹೇಳಿತು. ಅಭಿಮನ್ಯು ಎಲ್ಲರವನು, ಕಾರಂತರು ಕುಣಿಸಿದ ಅಭಿಮನ್ಯು ಕಾರಂತರವನು. ಕಾಪಿರೈಟ್ ಬಗ್ಗೆ ಇದಕ್ಕಿಂತ ಸಲೀಸಾದ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ಇಲ್ಲಿಗೆ ಮಾತು ಮುಗಿಸಿದರೆ ನಿರ್ಮಾಪಕರ ಪರ ವಕಾಲತ್ತು ಮಾಡಿದಂತಾಗುತ್ತದೆ. ನನ್ನ ಗೆಳೆಯನೊಬ್ಬ ಡಿಗ್ರಿ ಮುಗಿಸಿ, ಕೊಬ್ಬರಿ ಸುಲಿಯುವ ಕೂಲಿಯಲ್ಲಿ ಉಳಿಸಿದ ದುಡ್ಡಿನಲ್ಲಿ ಬೆಂಗಳೂರಿಗೆ ಹೋಗಿ, ಒಂದು ಆಫೀಸಿನಲ್ಲಿ ಮೂರು ಗಂಟೆ ಕಥೆ ಹೇಳಿ ಬಂದ. ಬತ್ತಿದ ಬೋರ್‌ವೆಲ್, ಒಣಗಿದ ತೋಟ, ಅಡಮಾನ. ‘ಚೆನ್ನಾಗಿದೆ ಕಣಪ್ಪ, ಹೇಳಿ ಕಳಿಸ್ತೀವಿ’ ಎಂದರಂತೆ. ಎರಡು ವರ್ಷದ ಮೇಲೆ ಅಂಥದ್ದೇ ಟ್ರೇಲರ್ ಬಂದಾಗ ಅವನು ಎರಡು ದಿನ ಊಟ ಬಿಟ್ಟ. ಕದ್ದರೋ ಇಲ್ಲವೋ ನಾನು ಹೇಳಲಾರೆ. ಬೋರ್‌ವೆಲ್ ಬತ್ತಿದ್ದು ಅವನೊಬ್ಬನ ತೋಟದಲ್ಲೇ ಅಲ್ಲವಲ್ಲ! ಹೊಟ್ಟೆಯುರಿಯುವುದು ಬೇರೆ ಕಾರಣಕ್ಕೆ: ಅವನು ಏನು ಹೇಳಿದ್ದ ಎನ್ನುವುದಕ್ಕೆ ಅವನ ಬಳಿ ಒಂದು ಹಾಳೆಯೂ ಇರಲಿಲ್ಲ. ತಿಪಟೂರು ಮಾರುಕಟ್ಟೆಗೆ ಒಂದು ಚೀಲ ಉಂಡೆ ಕೊಬ್ಬರಿ ಹಾಕಿದರೂ ತೂಕ ಬರೆದು ಚೀಟಿ ಕೊಡುತ್ತಾರೆ. ಮೂರು ಗಂಟೆ ಕಥೆಗೆ ಚೀಟಿ ಇಲ್ಲ.

ಚೀಟಿ ಇದ್ದವರ ಕಥೆ ನೋಡಿ. ಅಮೆರಿಕದ ಅಂಕಣಕಾರ ಆರ್ಟ್ ಬುಕ್‌ವಾಲ್ಡ್ ಕೊಟ್ಟಿದ್ದ ಕೆಲವೇ ಪುಟಗಳ ಎಳೆಯಿಂದ ಪ್ಯಾರಾಮೌಂಟ್ ‘ಕಮಿಂಗ್ ಟು ಅಮೆರಿಕ’ ಮಾಡಿತು ಎಂಬ ಕೇಸು ನಿಂತದ್ದು ಕಾಪಿರೈಟ್ ಮೇಲಲ್ಲ, ಒಪ್ಪಂದದ ಮೇಲೆ. 1992ರಲ್ಲಿ ಅವರಿಗೂ ಅವರ ನಿರ್ಮಾಪಕನಿಗೂ ಸೇರಿ 9 ಲಕ್ಷ ಡಾಲರ್ ಕೊಡಲು ಕೋರ್ಟು ಹೇಳಿತು. ‘ಸರ್ಕಾರ್’ ವಿಷಯದಲ್ಲಿ ವರುಣ್ ರಾಜೇಂದ್ರನ್ 2007ರಲ್ಲೇ ಕಥೆಯನ್ನು ಲೇಖಕರ ಸಂಘದಲ್ಲಿ ನೋಂದಾಯಿಸಿದ್ದರಿಂದ 2018ರಲ್ಲಿ ರಾಜಿಯಾಗಿ ತೆರೆಯ ಮೇಲೆ ಮನ್ನಣೆ ಸಿಕ್ಕಿತು. ನಂಬಿ ಹೇಳಿದ ಧಾರಾವಾಹಿಯ ಪರಿಕಲ್ಪನೆಯನ್ನು ಹಾಗೆಯೇ ಬಳಸುವಂತಿಲ್ಲ ಎಂದು 2003ರಲ್ಲಿ ಜೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಕೂಡ ಹೇಳಿದೆ. ಏನು ಹೇಳಿದ್ದೆವು ಎಂದು ತೋರಿಸಲು ಬರಹ ಬೇಕು, ಅಷ್ಟೆ.

ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸಿ ನಿಶ್ಚಿಂತೆಯಾಗಿ ಕೂರುವವರನ್ನೂ ನೋಡಿದ್ದೇನೆ. ಬರೀ ಹೆಸರಿಗೆ ಕಾಪಿರೈಟ್ ಇಲ್ಲ ಎಂದು ‘ದೇಸಿ ಬಾಯ್ಸ್’ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿಯಾಗಿದೆ. ಕಥೆಯನ್ನು ಪೂರ್ತಿ ಬರೆದ ಕ್ಷಣದಿಂದಲೇ ಹಕ್ಕು ನಮ್ಮದು. ನೋಂದಣಿ ಕಡ್ಡಾಯವಲ್ಲ, ಆದರೆ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ. ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜು, ಊಟ, ಕಾಫಿ ಲೆಕ್ಕ ಹಾಕಿದರೆ ಅಷ್ಟೇ ಆಗುತ್ತದೆ.

ಇದು ನಮ್ಮ ಕಡೆಯ ಕೆಲಸ. ಅವರ ಕಡೆಯದೂ ಒಂದಿದೆ. ಕಥೆ ಕೇಳುವ ಪ್ರತಿ ಆಫೀಸಿನಲ್ಲಿ ಒಂದು ಪುಸ್ತಕ ಇಡಲಿ: ಯಾರು ಬಂದರು, ಯಾವ ದಿನ, ಒಂದು ಪುಟದ ಸಾರಾಂಶ, ಇಬ್ಬರ ಸಹಿ. ವಾಣಿಜ್ಯ ಮಂಡಳಿ ಮನಸ್ಸು ಮಾಡಿದರೆ ಇದನ್ನು ನಿಯಮ ಮಾಡಬಹುದು. ಸುಳ್ಳು ಕೇಸು ಹಾಕುವವರಿಂದ ನಿರ್ಮಾಪಕರಿಗೂ ಅದೇ ಪುಸ್ತಕ ರಕ್ಷಣೆ. ಸಹಿ ಹಾಕಲು ಹಿಂಜರಿಯುವವರ ಮುಂದೆ ಕಥೆ ಹೇಳಬೇಡ ಎಂದು ನನ್ನ ಗೆಳೆಯನಿಗೆ ಹೇಳಿದ್ದೇನೆ. ಅವನು ಈಗ ಹೊಸದೊಂದನ್ನು ಪೂರ್ತಿ ಬರೆಯುತ್ತಿದ್ದಾನೆ, ನಲವತ್ತು ಪುಟ ಆಗಿದೆ.